ಬುಡ ನೋಡದೆ ಕುಮ್ಮು ಕೀಳಬೇಡಿ

ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ನಮ್ಮ ಕೊಡಗಿನ ಅಡುಗೆಮನೆಗೆ ಕಾಡಿನಿಂದ, ತೋಟದಿಂದ ಮೂರು ಪದಾರ್ಥ ಬರುತ್ತವೆ. ಕಣಿಲೆ ಎಂದರೆ ಎಳೆ ಬಿದಿರು, ಕೆಸು, ಮತ್ತೆ ಕುಮ್ಮು ಎಂದರೆ ಕಾಡಿನ ಅಣಬೆ. ಮೊದಲ ಎರಡನ್ನು ಹಸಿಯಾಗಿ ತಿನ್ನುವ ಹಾಗಿಲ್ಲ ಎಂದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಎಳೆ ಬಿದಿರಿನಲ್ಲಿ ಸಯನೈಡ್ ಹೊರಬಿಡುವ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಆಮೇಲೆ ಬೇಯಿಸಿದರೆ ಅದು ಒಡೆದುಹೋಗುತ್ತದೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಚೂಪು ಹರಳುಗಳಿವೆ. ಚೆನ್ನಾಗಿ ಬೇಯಿಸಿ ಹುಳಿ ಹಿಂಡಿದರೆ ಗಂಟಲ ತುರಿಕೆ ತಗ್ಗುತ್ತದೆ. ಅಜ್ಜಿಯರಿಂದ ಬಂದ ಈ ತಿಳಿವಳಿಕೆ ಸರಿಯಾದದ್ದೇ. ಅದನ್ನು ಮೂರನೆಯದಕ್ಕೂ ಹೊಂದಿಸಿದಾಗ ಅನಾಹುತ ಶುರುವಾಗುತ್ತದೆ. ‘ಚೆನ್ನಾಗಿ ಕುದಿಸಿ ನೀರು ಬಸಿದರಾಯಿತು, ಸ್ವಲ್ಪ ಕಾಚಂಪುಳಿಯ ಹುಳಿ ಹಾಕಿದರಾಯಿತು’ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ.

ಕುಮ್ಮಿನಲ್ಲಿ ಜೀವ ತೆಗೆಯುವ ವಿಷದ ಸ್ವಭಾವವೇ ಬೇರೆ. ಅಮಾನಿಟಾ ಎಂಬ ಕುಲದ ಕೆಲವು ಅಣಬೆಗಳಲ್ಲಿ ಅಮಾಟಾಕ್ಸಿನ್ ಇರುತ್ತದೆ. ಎಂಟು ಅಮೈನೋ ಆಮ್ಲಗಳು ಉಂಗುರದ ಆಕಾರದಲ್ಲಿ ಬೆಸೆದುಕೊಂಡ ಪುಟ್ಟ ಅಣು ಅದು. ಆ ಉಂಗುರ ಕುದಿಯುವ ನೀರಿಗೆ ಬಿಚ್ಚುವುದಿಲ್ಲ, ಹುಳಿಗೂ ಬಿಚ್ಚುವುದಿಲ್ಲ, ನಮ್ಮ ಹೊಟ್ಟೆಯ ಜೀರ್ಣರಸಕ್ಕೂ ಬಿಚ್ಚುವುದಿಲ್ಲ. ಒಲೆಯ ಮೇಲೆ ಕಟ್ಟಿ ಒಣಗಿಸಿದರೂ, ಫ್ರೀಜರಿನಲ್ಲಿಟ್ಟರೂ ಅದು ಹಾಗೇ ಉಳಿಯುತ್ತದೆ. ದೇಹತೂಕದ ಒಂದು ಕಿಲೋಗೆ ಸುಮಾರು 0.1 ಮಿಲಿಗ್ರಾಂ ಒಳಗೆ ಹೋದರೆ ಪ್ರಾಣಕ್ಕೆ ಅಪಾಯ. 50 ಕಿಲೋ ತೂಕದವರಿಗೆ ಲೆಕ್ಕ ಹಾಕಿ, 5 ಮಿಲಿಗ್ರಾಂ. ಯುರೋಪಿನಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿರುವ ಅಮಾನಿಟಾ ಫಲ್ಲಾಯ್ಡಿಸ್‌ನಲ್ಲಿ, ಬಲಿತ ಒಂದೇ ಒಂದು ಅಣಬೆಯಲ್ಲಿ ಅಷ್ಟು ಸಿಗುತ್ತದೆ. ಮಗುವಿಗೆ ಅದರ ಒಂದು ಪಾಲೇ ಸಾಕು. ಕಕ್ಕಡ ಹದಿನೆಂಟಕ್ಕೆ ಮಾಡುವ ಮದ್ದು ಸೊಪ್ಪಿನ ಪಾಯಸ ಇದನ್ನೂ ಕಳೆಯುತ್ತದೆ ಎಂದು ದಯವಿಟ್ಟು ಯಾರೂ ಭಾವಿಸಬೇಡಿ.

ಇನ್ನು ಮನೆಮನೆಯ ಪರೀಕ್ಷೆಗಳು. ಬೆಳ್ಳಿ ನಾಣ್ಯ ಹಾಕಿ ಬೇಯಿಸುವುದು, ಬೆಳ್ಳುಳ್ಳಿ ಕಪ್ಪಾಗುತ್ತದೆಯೇ ಎಂದು ನೋಡುವುದು, ಅಕ್ಕಿ ಕೆಂಪಾಗುತ್ತದೆಯೇ ಎಂದು ನೋಡುವುದು. ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಂದ. ಅಮಾಟಾಕ್ಸಿನ್ ಇದ್ದ ಪಾತ್ರೆಯಲ್ಲಿ ನಾಣ್ಯ ಹೊಳೆಯುತ್ತಲೇ ಇರಬಹುದು. ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವ ನಂಬಿಕೆ ಇನ್ನೂ ಅಪಾಯದ್ದು. ಗೊಂಡೆಹುಳು ವಿಷದ ಅಣಬೆಯನ್ನು ಮೇಯುತ್ತದೆ, ಕೆಲವು ಜಾತಿಯ ಹಣ್ಣುನೊಣಗಳ ಮರಿಗಳು ಅಮಾನಿಟಾದೊಳಗೇ ಬೆಳೆಯುತ್ತವೆ. ಅವುಗಳ ದೇಹ ತಡೆದುಕೊಂಡದ್ದನ್ನು ನಮ್ಮ ಯಕೃತ್ತು ತಡೆದುಕೊಳ್ಳುವುದಿಲ್ಲ. ಬಣ್ಣ ಗಾಢವಾಗಿದ್ದರೆ ವಿಷ, ಬಿಳಿಯಾಗಿದ್ದರೆ ಒಳ್ಳೆಯದು ಎನ್ನುವುದಂತೂ ತಿರುವುಮುರುವು. ಅಮಾನಿಟಾದ ಅತ್ಯಂತ ಘಾತುಕ ಜಾತಿಗಳಲ್ಲಿ ಕೆಲವು ಹಾಲಿನಷ್ಟು ಬಿಳಿ. ಕೆಟ್ಟ ವಾಸನೆ, ಕಹಿ ರುಚಿ ಇರಬೇಕಲ್ಲ ಎಂದು ಕೇಳುವವರಿದ್ದಾರೆ. ಫಲ್ಲಾಯ್ಡಿಸ್ ತಿಂದು ಬದುಕಿ ಉಳಿದವರು ಊಟ ರುಚಿಯಾಗಿತ್ತು ಎಂದೇ ಹೇಳಿದ್ದಾರೆ.

ಹಾಗಾದರೆ ವಿಷದ ಕುಮ್ಮಿನ ಗುರುತೇನು? ಎಲ್ಲ ವಿಷದ ಅಣಬೆಗಳಿಗೂ ಸೇರಿ ಒಂದು ಗುರುತು ಇಲ್ಲ. ಹುಡುಕುವ ದಿಕ್ಕನ್ನೇ ತಿರುಗಿಸಬೇಕು. ನೀವು ತಿನ್ನುವ ಒಂದು ಅಣಬೆಯನ್ನು ತಲೆಯಿಂದ ಬುಡದವರೆಗೆ, ಮೊಗ್ಗಿನಿಂದ ಮುದಿಯಾಗುವವರೆಗೆ ತಿಳಿದಿರಬೇಕು. ಅದರ ಒಂದು ಲಕ್ಷಣ ತಪ್ಪಿದರೂ ಅಲ್ಲೇ ಬಿಟ್ಟು ಬರಬೇಕು.

ಹುತ್ತದ ಕುಮ್ಮನ್ನೇ ತೆಗೆದುಕೊಳ್ಳಿ. ವಿಜ್ಞಾನದಲ್ಲಿ ಟರ್ಮಿಟೋಮೈಸಿಸ್. ಗೆದ್ದಲು ಮಣ್ಣಿನೊಳಗೆ ಕಟ್ಟಿದ ಸ್ಪಂಜಿನಂಥ ಗೂಡಿನಲ್ಲಿ ಈ ಶಿಲೀಂಧ್ರವನ್ನು ಸಾಕುತ್ತದೆ. ಮಳೆ ಬಿದ್ದ ಮೇಲೆ ಆ ಗೂಡಿನಿಂದ ಅಣಬೆ ಮೇಲಕ್ಕೆ ಬರುತ್ತದೆ. ಹೀಗಾಗಿ ಅದರ ದಂಟು ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ನೆಲದೊಳಗೆ ಬೇರಿನ ಹಾಗೆ ಸಪುರವಾಗುತ್ತ, ಗೇಣುದ್ದವೋ ಅದಕ್ಕಿಂತ ಹೆಚ್ಚೋ ಕೆಳಗಿಳಿದು ಗೂಡಿಗೆ ಮುಟ್ಟುತ್ತದೆ. ಇದು ಮೊದಲ ಲಕ್ಷಣ. ಎರಡನೆಯದು, ಕೊಡೆಯ ನಡುನೆತ್ತಿಯಲ್ಲಿ ಗಟ್ಟಿಯಾದ ಮೊನೆ. ಬಿಗಿ ಮಣ್ಣನ್ನು ತೂರಿಕೊಂಡು ಬರಬೇಕಲ್ಲ, ಅದಕ್ಕೆಂದೇ ಇರುವ ಮೊನೆ ಅದು. ಬೆರಳಿನಿಂದ ಒತ್ತಿದರೆ ಸುತ್ತಲಿನ ಭಾಗಕ್ಕಿಂತ ಗಟ್ಟಿ ಎಂದು ತಿಳಿಯುತ್ತದೆ, ಬಣ್ಣವೂ ಅಲ್ಲಿ ಹೆಚ್ಚಾಗಿ ಬೂದು ಅಥವಾ ಕಂದು. ಮೂರನೆಯದು ಕೊಡೆಯಡಿಯ ಹಾಳೆಗಳು. ಅವು ಒತ್ತೊತ್ತಾಗಿರುತ್ತವೆ, ದಂಟಿಗೆ ಅಂಟಿಕೊಂಡಿರುವುದಿಲ್ಲ, ಮೊದಲು ಬಿಳಿ, ಬಲಿತಂತೆ ತಿಳಿ ಗುಲಾಬಿ ಛಾಯೆಗೆ ತಿರುಗುತ್ತವೆ. ನಾಲ್ಕನೆಯದು, ಬುಡದಲ್ಲಿ ಚೀಲ ಇರುವುದಿಲ್ಲ. ಈ ನಾಲ್ಕೂ ಒಟ್ಟಿಗೆ ಕಾಣಬೇಕು.

ಹುತ್ತ ಎದ್ದು ಕಾಣಬೇಕೆಂದೇನೂ ಇಲ್ಲ, ಎಷ್ಟೋ ಕಡೆ ಗೂಡು ಪೂರ್ತಿ ನೆಲದಡಿಯಲ್ಲೇ ಇರುತ್ತದೆ. ಆದ್ದರಿಂದ ‘ಪ್ರತಿ ವರ್ಷ ಈ ಜಾಗದಲ್ಲೇ ಏಳುತ್ತದೆ’ ಎಂದು ಜಾಗವನ್ನು ನಂಬುತ್ತೇವೆ. ಹುತ್ತದ ಕುಮ್ಮು ವರ್ಷ ವರ್ಷ ಅದೇ ಜಾಗಕ್ಕೆ ಬರುವುದು ನಿಜ. ಆದರೆ ಅದರಿಂದ ಎರಡು ಮಾರು ದೂರದಲ್ಲಿ ಇನ್ನೊಂದು ಅಣಬೆ ಏಳಬಾರದು ಎಂದು ಮಣ್ಣಿಗೆ ಯಾರೂ ಹೇಳಿಲ್ಲ. ಜಾಗವು ಅಣಬೆ ಹುಡುಕಲು ಸಹಾಯ ಮಾಡುತ್ತದೆ, ಗುರುತಿಸಲು ಸಾಲದು.

ದಂಟಿಗೆ ಬಳೆ ಇದ್ದರೆ ವಿಷ ಎಂದು ಕೆಲವರು ಮಕ್ಕಳಿಗೆ ಹೇಳಿಕೊಡುತ್ತಾರೆ. ಅದೂ ನಿಲ್ಲುವುದಿಲ್ಲ. ದಕ್ಷಿಣ ಭಾರತದಲ್ಲಿ ತಿನ್ನುವ ಟರ್ಮಿಟೋಮೈಸಿಸ್ ಹೈಮಿಗೆ ದಂಟಿನಲ್ಲಿ ಬಳೆ ಇದೆ. 1979ರಲ್ಲಿ ನಟರಾಜನ್ ಎಂಬ ವಿಜ್ಞಾನಿ ಅದನ್ನು ಪ್ರತ್ಯೇಕ ಜಾತಿಯೆಂದು ವಿವರಿಸಿದರು. ಇತ್ತ ಅಮಾನಿಟಾದ ಬಳೆ ತೆಳುವಾದ ಪೊರೆ, ಭಾಗಮಂಡಲದ ಕಡೆ ಬೀಳುವಂಥ ಮಳೆಗೆ ಅರ್ಧ ದಿನದಲ್ಲಿ ಹರಿದು ಹೋಗಬಹುದು. ಕೊಡೆಯ ಮೇಲಿನ ಬಿಳಿ ಚಕ್ಕೆಗಳನ್ನೂ ಮಳೆ ತೊಳೆದುಬಿಡುತ್ತದೆ. ವಿದೇಶದ ಪುಸ್ತಕಗಳ ಚಿತ್ರದಲ್ಲಿ ಚಕ್ಕೆ, ಬಳೆ ಎಲ್ಲ ಅಂದವಾಗಿ ಕಾಣುತ್ತವೆ. ನಮ್ಮ ಜುಲೈ ಮಳೆಯಲ್ಲಿ ನಿಮಗೆ ಸಿಗುವುದು ತೊಳೆದ ಅಣಬೆ.

ಮಳೆ ತೊಳೆಯಲಾಗದ ಒಂದು ಗುರುತು ಮಣ್ಣಿನೊಳಗಿದೆ. ಅಮಾನಿಟಾ ಮರಿಯಾಗಿದ್ದಾಗ ಪೂರ್ತಿ ಒಂದು ಪೊರೆಯೊಳಗೆ, ಮೊಟ್ಟೆಯ ಹಾಗೆ ಇರುತ್ತದೆ. ಬೆಳೆದಾಗ ಪೊರೆ ಹರಿದು, ಅದರ ಕೆಳಭಾಗ ದಂಟಿನ ಬುಡದಲ್ಲಿ ಚೀಲವಾಗಿ ಉಳಿಯುತ್ತದೆ. ಕೆಲವು ಜಾತಿಗಳಲ್ಲಿ ಚೀಲದ ಬದಲು ಉಬ್ಬಿದ ಗೆಡ್ಡೆ, ಅದರ ಸುತ್ತ ಚಕ್ಕೆಯ ಸಾಲುಗಳು. ಈ ಚೀಲ ಎಲೆಗೊಬ್ಬರದ ಕೆಳಗೆ, ಮಣ್ಣಿನಲ್ಲಿ ಹುದುಗಿರುತ್ತದೆ. ನಾವು ಅಣಬೆ ಕೀಳುವುದು ಹೇಗೆ? ದಂಟು ಹಿಡಿದು ತಿರುಚಿ ಎಳೆಯುತ್ತೇವೆ, ಇಲ್ಲವೇ ಕತ್ತಿಯಿಂದ ನೆಲಮಟ್ಟಕ್ಕೆ ಕೊಯ್ಯುತ್ತೇವೆ. ಎರಡರಲ್ಲೂ ಚೀಲ ಮಣ್ಣಿನಲ್ಲೇ ಉಳಿದು, ಬುಟ್ಟಿಗೆ ಬರುವುದು ಬುಡವಿಲ್ಲದ ಬಿಳಿ ಕುಮ್ಮು. ಅಡುಗೆಮನೆಯಲ್ಲಿ ತೊಳೆಯುವವರಿಗೆ ಪತ್ತೆ ಹಚ್ಚಲು ಏನೂ ಉಳಿದಿರುವುದಿಲ್ಲ.

ಹೀಗೆ ಮಾಡಿ. ಕೀಳುವ ಮೊದಲು ದಂಟಿನ ಸುತ್ತ ಎಲೆಗೊಬ್ಬರ ಸರಿಸಿ, ಬೆರಳಿನಿಂದಲೋ ಕಡ್ಡಿಯಿಂದಲೋ ಎರಡು ಅಂಗುಲ ಮಣ್ಣು ಬಿಡಿಸಿ ನೋಡಿ. ದಂಟು ಸಪುರವಾಗುತ್ತ ಕೆಳಗೆ ಹೋಗುತ್ತಿದೆಯೋ, ಉಬ್ಬಿ ನಿಂತಿದೆಯೋ, ಚೀಲದೊಳಗೆ ಕೂತಿದೆಯೋ? ಇದನ್ನು ಪ್ರತಿ ಅಣಬೆಗೂ ಮಾಡಬೇಕು. ಹತ್ತರಲ್ಲಿ ಒಂದನ್ನು ನೋಡಿದರೆ ಆಗದು. ಹುತ್ತದ ಕುಮ್ಮೆಂದು ಖಾತ್ರಿಯಾದ ಮೇಲೆ ಮೇಲಿನಿಂದ ಕೊಯ್ದುಕೊಳ್ಳಿ, ಹಾರೆ ಹಾಕಿ ಗೂಡಿನವರೆಗೆ ಅಗೆಯಬೇಡಿ. ಗೂಡು ಒಡೆದರೆ ಮುಂದಿನ ವರ್ಷದ ಬೆಳೆ ಹೋಯಿತು. ಅಂದ ಹಾಗೆ, ವಿಷದ ಅಣಬೆಯನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಹೆದರದೆ ಕೈಯಲ್ಲಿ ಹಿಡಿದು ನೋಡಿ, ಸೀಳಿ ನೋಡಿ. ವಿಷ ಏರುವುದು ತಿಂದಾಗ.

ಇನ್ನೂ ಕೊಡೆ ಬಿಚ್ಚದ ಮೊಗ್ಗುಗಳು ಎಲ್ಲಕ್ಕಿಂತ ಮೋಸ. ಮೊಗ್ಗನ್ನು ನೆತ್ತಿಯಿಂದ ಬುಡಕ್ಕೆ ಉದ್ದುದ್ದ ಸೀಳಿ. ಒಳಗೆ ಕೊಡೆ, ಹಾಳೆ, ದಂಟಿನ ಗೆರೆಚಿತ್ರ ಕಂಡರೆ, ಅದರ ಸುತ್ತ ಪೊರೆ ಇದ್ದರೆ, ಅದು ಅಮಾನಿಟಾ ಆಗಿರಬಹುದು, ಎಸೆಯಿರಿ. ಘಟ್ಟದ ಕೆಳಗೆ ಉಂಡೆಯಂಥ ಕಲ್ಲಣಬೆ ತಿನ್ನುವ ರೂಢಿಯಿದೆ. ಅದಕ್ಕೂ ಇದೇ ಸೀಳುವ ಪರೀಕ್ಷೆ. ಎಳೆಯದು ಒಳಗೆಲ್ಲ ಒಂದೇ ಸಮ ಬೆಳ್ಳಗಿರಬೇಕು. ಒಳಗೆ ನೇರಳೆ ಮಿಶ್ರಿತ ಕಪ್ಪು ಕಂಡರೆ ಅದು ಬಲಿತದ್ದು, ಇಲ್ಲವೇ ಸ್ಕ್ಲೆರೋಡರ್ಮಾ ಎಂಬ ದಪ್ಪ ಸಿಪ್ಪೆಯ ವಿಷದ ಉಂಡೆ.

ಅಮಾನಿಟಾ ಎಲ್ಲಿ ಏಳುತ್ತದೆ ಎಂದು ತಿಳಿದಿದ್ದರೆ ಕಣ್ಣು ಚುರುಕಾಗುತ್ತದೆ. ಅದರ ಹೆಚ್ಚಿನ ಜಾತಿಗಳು ಕೆಲವು ಮರಗಳ ಬೇರಿನ ಜೊತೆ ಕೂಡಿ ಬಾಳುತ್ತವೆ. ಪಶ್ಚಿಮ ಘಟ್ಟದಲ್ಲಿ ಧೂಪ, ಕಿರಾಲ್‌ಬೋಗಿಯಂಥ ಮರಗಳಿಗೆ ಇಂಥ ಬೇರುಸಂಬಂಧವಿದೆ. ಹೊರಗಿನಿಂದ ತಂದು ನೆಟ್ಟ ಅಕೇಶಿಯಾ, ನೀಲಗಿರಿ, ಪೈನ್ ನೆಡುತೋಪುಗಳಿಗೂ ಇದೆ. ದೇವರಕಾಡಿನ ಅಂಚಿನಲ್ಲಿ, ಅಕೇಶಿಯಾ ತೋಪಿನಲ್ಲಿ ಒಂಟೊಂಟಿಯಾಗಿ ನಿಂತ ಬಿಳಿ ಅಣಬೆ ಕಂಡರೆ ಮೊದಲ ಅನುಮಾನ ಅಮಾನಿಟಾದ ಮೇಲೇ ಇರಲಿ.

ಬಯಲಿನಲ್ಲಿ ಬೇರೆ ಮೋಸಗಾರನಿದ್ದಾನೆ. ಶಾಲೆಯ ಮೈದಾನ, ಹುಲ್ಲುಬಾಣೆ, ಮನೆಮುಂದಿನ ಲಾನ್, ದನ ಕಟ್ಟುವ ಜಾಗದ ಸುತ್ತ ದೊಡ್ಡ ದೊಡ್ಡ ಬಿಳಿ ಕೊಡೆಗಳು, ಕೆಲವೊಮ್ಮೆ ವೃತ್ತಾಕಾರವಾಗಿ ಏಳುತ್ತವೆ. ಅಗಲ ಒಂದು ಗೇಣಿಗೂ ಮಿಕ್ಕಬಹುದು. ಕೊಡೆಯ ಮೇಲೆ ಕಂದು ಚಕ್ಕೆ, ದಂಟಿನಲ್ಲಿ ಮೇಲೆ ಕೆಳಗೆ ಸರಿಸಬಹುದಾದ ಬಳೆ, ಬುಡ ಸ್ವಲ್ಪ ಉಬ್ಬು, ಚೀಲವಿಲ್ಲ. ಇದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಉಷ್ಣವಲಯದ ದೇಶಗಳಲ್ಲಿ ಜನರ ಹೊಟ್ಟೆ ಕೆಡಿಸುವ ಅಣಬೆಗಳಲ್ಲಿ ಇದೇ ಮುಂದು. ಗಾತ್ರ ನೋಡಿ ಆಸೆಯಾಗುತ್ತದೆ, ಒಂದೇ ಅಣಬೆ ಮನೆಮಂದಿಗೆಲ್ಲ ಸಾಕು ಅನಿಸುತ್ತದೆ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಕಿತ್ತುಕೊಂಡು ಬರುತ್ತದೆ. ಇದರ ಹಾಳೆಗಳು ಎಳೆಯದರಲ್ಲಿ ಬಿಳಿ, ಬಲಿತ ಮೇಲೆ ಮಾಸಲು ಹಸಿರು. ಎಳೆಯದನ್ನು ಕಿತ್ತರೆ ಹಸಿರು ಕಾಣುವುದೇ ಇಲ್ಲ, ಅಲ್ಲೇ ಮೋಸ ಹೋಗುವುದು. ಹುತ್ತದ ಕುಮ್ಮಿನ ಗಟ್ಟಿ ಮೊನೆ, ನೆಲದೊಳಗಿನ ಉದ್ದ ಬೇರು ಎರಡೂ ಇದಕ್ಕಿಲ್ಲ.

ಹಸಿರನ್ನು ಹೊರಗೆಳೆಯಲು, ಹಾಳೆಗಳಿಂದ ಉದುರುವ ಬೀಜಕಣದ ಅಚ್ಚು ತೆಗೆಯಿರಿ. ಕೊಡೆ ಬಿಚ್ಚಿದ ಅಣಬೆ ಆರಿಸಿ ದಂಟನ್ನು ಕೊಡೆಯ ಮಟ್ಟಕ್ಕೆ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದವನ್ನು ಜೋಡಿಸಿ, ಹಾಳೆಗಳು ಕೆಳಮುಖವಾಗಿರುವಂತೆ ಕೊಡೆಯನ್ನು ಎರಡರ ಮೇಲೂ ಬರುವ ಹಾಗೆ ಇಡಿ. ಬಿಳಿ ಕಾಗದ ಮಾತ್ರ ಇಟ್ಟರೆ ಬಿಳಿ ಅಚ್ಚು ಕಾಣುವುದಿಲ್ಲ. ಮೇಲೊಂದು ಬಟ್ಟಲು ಕವುಚಿ. ಕೊಡೆ ಒಣಗಿದ್ದರೆ ನೆತ್ತಿಗೆ ಒಂದು ಹನಿ ನೀರು ಬಿಡಿ. ಮಳೆಯಲ್ಲಿ ತೊಯ್ದದ್ದಾದರೆ ಮೊದಲು ಬಟ್ಟೆಯಿಂದ ಒತ್ತಿ ಒರೆಸಿ, ಇಲ್ಲದಿದ್ದರೆ ಕಾಗದ ನೆನೆದು ಅಚ್ಚು ಕಲಸಿಹೋಗುತ್ತದೆ. ಸಂಜೆ ಇಟ್ಟು ಬೆಳಿಗ್ಗೆ ನೋಡಿ. ಹಸಿರಾದರೆ ಕ್ಲೋರೋಫಿಲ್ಲಮ್. ಬಿಳಿಯಾದರೆ ಅಮಾನಿಟಾ ಆಗಿರಬಹುದು, ಹುತ್ತದ ಕುಮ್ಮಂತೂ ಅಲ್ಲ. ತುಕ್ಕಿನ ಬಣ್ಣ, ಕಂದು, ಕಪ್ಪು, ಯಾವುದೇ ಆದರೂ ಹುತ್ತದ ಕುಮ್ಮಲ್ಲ. ತಿಳಿ ಗುಲಾಬಿ ಬಂತು ಅನ್ನಿ, ಆಗಲೂ ಕೂಡಲೇ ಒಲೆ ಹಚ್ಚಬೇಡಿ. ಎಂಟೋಲೋಮಾ ಎಂಬ ವಿಷದ ಕುಲಕ್ಕೂ ಗುಲಾಬಿ ಅಚ್ಚೇ. ಅದರಲ್ಲಿ ಹಾಳೆಗಳು ಸಾಮಾನ್ಯವಾಗಿ ದಂಟಿಗೆ ಅಂಟಿಕೊಂಡಿರುತ್ತವೆ, ನೆಲದೊಳಗೆ ಉದ್ದ ಬೇರಿಲ್ಲ. ಒಟ್ಟಿನಲ್ಲಿ ಅಚ್ಚು ‘ಬೇಡ’ ಎನ್ನಲು ಸಾಕ್ಷಿಯಾಗುತ್ತದೆ, ‘ತಿನ್ನು’ ಎನ್ನಲು ಅದೊಂದೇ ಸಾಲದು.

ಸಣ್ಣವುಗಳ ಬಗ್ಗೆ ನನ್ನ ಸಲಹೆ ಕಟುವಾಗಿದೆ. ಗೆದ್ದಲು ಹೊರಗೆಸೆದ ಗೂಡಿನ ಚೂರುಗಳ ಮೇಲೆ ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಏಳುವ ಪುಟ್ಟ ಬಿಳಿ ಅಣಬೆ, ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್, ತಿನ್ನುವಂಥದ್ದು. ಅದಕ್ಕೆ ನೆಲದೊಳಗಿನ ಉದ್ದ ಬೇರು ಇರುವುದಿಲ್ಲ, ಅಂದರೆ ನಮ್ಮ ಅತ್ಯುತ್ತಮ ಗುರುತೇ ಇಲ್ಲಿ ಕೈಗೆ ಸಿಗದು. ಅದೇ ಗಾತ್ರದಲ್ಲಿ ಇನೋಸೈಬಿ ಮುಂತಾದವುಗಳಿವೆ, ಅವುಗಳಲ್ಲಿ ಮಸ್ಕರಿನ್ ವಿಷ. ಹದಿನೈದು ನಿಮಿಷದಿಂದ ಎರಡು ಗಂಟೆಯೊಳಗೆ ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತದೆ, ನಾಡಿ ನಿಧಾನವಾಗುತ್ತದೆ. ಲೆಪಿಯೋಟಾ ಕುಲದ, ಮೇಲೆ ಕಂದು ಚಕ್ಕೆಯಿರುವ ಕೆಲವು ಪುಟ್ಟ ಅಣಬೆಗಳಲ್ಲಿ ಅಮಾನಿಟಾದ ಅದೇ ಅಮಾಟಾಕ್ಸಿನ್ ಇದೆ, ಬುಡದಲ್ಲಿ ಚೀಲ ಮಾತ್ರ ಇಲ್ಲ. ಆದ್ದರಿಂದ ಪುಟ್ಟ ಅಣಬೆಗಳನ್ನು ಬಹುಕಾಲದಿಂದ ಕೀಳುತ್ತ ಬಂದವರು ಪಕ್ಕದಲ್ಲಿ ನಿಂತು ತೋರಿಸಿಕೊಡದೆ ಮುಟ್ಟಬೇಡಿ. ಮೊಬೈಲ್ ಆ್ಯಪ್ ಆ ಹಿರಿಯರ ಸ್ಥಾನ ತುಂಬುವುದಿಲ್ಲ. ಮೇಲಿನಿಂದ ತೆಗೆದ ಫೋಟೋದಲ್ಲಿ ಬುಡವೂ ಇಲ್ಲ, ಹಾಳೆಯೂ ಇಲ್ಲ.

ಇಲ್ಲಿ ಹಬ್ಬ, ಮದುವೆಗಳಲ್ಲಿ ಮದ್ಯ ಇರುತ್ತದೆ, ಹಾಗಾಗಿ ಇನ್ನೊಂದು ಅಣಬೆಯ ಹೆಸರು ಹೇಳಬೇಕು. ಬಲಿತಾಗ ಕರಗಿ ಮಸಿಯಂತೆ ಸೋರುವ ಅಣಬೆಗಳಲ್ಲಿ ಕೊಪ್ರಿನಾಪ್ಸಿಸ್ ಅಟ್ರಮೆಂಟೇರಿಯಾ ಎಂಬುದೊಂದಿದೆ. ಅದನ್ನು ತಿಂದು ಮದ್ಯ ಕುಡಿದರೆ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನುಂಗಿ ಕುಡಿದಂತೆಯೇ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ತಿಂದ ಎರಡು ಮೂರು ದಿನದ ಮೇಲೆ ಕುಡಿದರೂ ಆಗಬಹುದು.

ತೋಟದ ಯಜಮಾನರು ಇಲ್ಲಿದ್ದೀರಿ, ಈಗ ಹೇಳುವುದು ನಿಮಗೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರು ಬಹಳ. ಅವರಿಗೂ ಮಳೆಗಾಲದಲ್ಲಿ ಅಣಬೆ ಕೀಳುವ ರೂಢಿಯಿದೆ, ಅವರ ಊರಿನ ಅಣಬೆಯ ಜ್ಞಾನವೂ ಇದೆ. ಅಪಾಯ ಇರುವುದು ಆ ಜ್ಞಾನವನ್ನು ಹೊಸ ಕಾಡಿಗೆ ತಂದಾಗ. ಭತ್ತದ ಹುಲ್ಲಿನ ಅಣಬೆ, ವಾಲ್ವೇರಿಯೆಲ್ಲಾ, ಏಷ್ಯಾದ ಉದ್ದಗಲಕ್ಕೂ ತಿನ್ನುವಂಥದ್ದು. ಅದಕ್ಕೂ ಬುಡದಲ್ಲಿ ಚೀಲವಿದೆ! ಚೀಲ ಕಂಡರೆ ಅವರಿಗೆ ಅನುಮಾನ ಬರುವುದಿಲ್ಲ, ಪರಿಚಯದ್ದು ಸಿಕ್ಕಿತು ಎಂದೇ ಅನಿಸುತ್ತದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2012ರ ಆರಂಭದಲ್ಲಿ ಫಲ್ಲಾಯ್ಡಿಸ್ ತಿಂದು ಇಬ್ಬರು ಸತ್ತದ್ದು ಹುಲ್ಲಿನ ಅಣಬೆಯೆಂದು ಭ್ರಮಿಸಿ. ವ್ಯತ್ಯಾಸ ಇದೆ: ಹುಲ್ಲಿನ ಅಣಬೆಗೆ ದಂಟಿನಲ್ಲಿ ಬಳೆಯಿಲ್ಲ, ಬಲಿತ ಹಾಳೆ ಗುಲಾಬಿ, ಅದು ಏಳುವುದು ಕೊಳೆತ ಹುಲ್ಲು, ಕಸದ ರಾಶಿಯ ಮೇಲೆ. ಆದರೆ ಎಳೆಯದರ ಹಾಳೆ ಅದಕ್ಕೂ ಬಿಳಿಯೇ. ಈ ಊರಿನ ಕಾಡಿನಲ್ಲಿ ಚೀಲವಿರುವ ಯಾವುದನ್ನೂ ತಿನ್ನಬೇಡಿ ಎಂದು ಅವರ ಭಾಷೆ ಬಲ್ಲ ಮೇಸ್ತ್ರಿಯಿಂದ, ಅಣಬೆಯನ್ನು ಕೈಯಲ್ಲಿ ಹಿಡಿದು ತೋರಿಸಿ ಹೇಳಿಸಿ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲೇ ಕಾಡಣಬೆ ತಿಂದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು. ಪಗಾರದ ದಿನ ಈ ಮಾತು ಹೇಳಲು ಹತ್ತು ನಿಮಿಷ ಸಾಕು.

ಇದೇ ಉಸಿರಿನಲ್ಲಿ ಔಷಧಿ ಸಿಂಪಡಣೆಯ ಮಾತು. ಕಾಫಿಗೂ ಮೆಣಸಿಗೂ ಬೋರ್ಡೋ ಹೊಡೆಯುತ್ತೀರಿ, ಅದರಲ್ಲಿ ಮೈಲುತುತ್ತು ಇದೆ. ಕಳೆನಾಶಕವನ್ನೂ ಹೊಡೆಯುತ್ತೀರಿ. ಅಣಬೆ ಮಣ್ಣಿನ ಲೋಹಗಳನ್ನು ಹೀರಿಟ್ಟುಕೊಳ್ಳುವ ಜೀವಿ. ಒಳ್ಳೆಯ ಜಾತಿಯ ಕುಮ್ಮೇ ಆದರೂ ಆ ಮಳೆಗಾಲ ಹೊಡೆದ ಬ್ಲಾಕಿನಿಂದ ಕೀಳಬೇಡಿ.

ಬುಟ್ಟಿಯ ವಿಷಯಕ್ಕೆ ಬರೋಣ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವೆತು ಸಂಜೆಯೊಳಗೆ ಕೆಡುತ್ತದೆ, ಕೆಟ್ಟುಹೋದರೆ ಒಳ್ಳೆಯ ಜಾತಿಯ ಅಣಬೆಯೂ ವಾಂತಿ ಮಾಡಿಸುತ್ತದೆ. ಬೆತ್ತದ ಬುಟ್ಟಿಯೇ ಸರಿ. ಅನುಮಾನದ್ದನ್ನು ತೋರಿಸಲೆಂದು ತಂದರೆ ಬೇರೆ ಎಲೆಯಲ್ಲಿ ಸುತ್ತಿ ಬೇರೆಯಾಗಿಡಿ. ಮುರಿದ ಒಂದು ಚೂರು ಒಳ್ಳೆಯದರ ಜೊತೆ ಬೆರೆತರೆ ಆಮೇಲೆ ಬೇರ್ಪಡಿಸಲಾಗದು. ಸಂತೆಯಲ್ಲಿ, ರಸ್ತೆಬದಿಯಲ್ಲಿ ಕೊಳ್ಳುವವರು ಬುಡಸಮೇತ ಇರುವ ಕಟ್ಟನ್ನೇ ಕೇಳಿ. ಕಿತ್ತ ದಿನವೇ ಬೇಯಿಸಿ, ಚೆನ್ನಾಗಿ ಬೇಯಿಸಿ. ಒಂದು ಸಲಕ್ಕೆ ಒಂದೇ ಜಾತಿ. ಹೊಸದಾಗಿ ತಿನ್ನುವವರು ಮೊದಲ ದಿನ ಒಂದೆರಡು ತುಂಡಿಗೆ ನಿಲ್ಲಿಸಿ, ಒಳ್ಳೆಯ ಕುಮ್ಮೂ ಕೆಲವರ ಹೊಟ್ಟೆಗೆ ಒಗ್ಗುವುದಿಲ್ಲ. ಬೇಯಿಸದ ಒಂದು ಇಡೀ ಅಣಬೆಯನ್ನು ಕಾಗದದಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನಲ್ಲಿಡಿ. ಅದು ಏಕೆಂದು ಈಗ ಹೇಳುತ್ತೇನೆ.

ಅಣಬೆ ತಿಂದು ತೊಂದರೆಯಾದರೆ ಮೊದಲು ಗಡಿಯಾರ ನೋಡಿ. ಎರಡು ಮೂರು ಗಂಟೆಯೊಳಗೆ ಶುರುವಾದ ವಾಂತಿ ಭೇದಿ ಹೆಚ್ಚಾಗಿ ಹೊಟ್ಟೆ ಕೆಡಿಸುವ ಜಾತಿಯದು. ನೀರಿನಂಶ ಹೋಗಿ ಮಕ್ಕಳು, ವಯಸ್ಸಾದವರು ಅದರಿಂದಲೂ ಕುಸಿಯಬಹುದು. ಆರು ಗಂಟೆ ಕಳೆದ ಮೇಲೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆಯ ಹೊತ್ತಿಗೆ ಶುರುವಾದರೆ ಅಮಾಟಾಕ್ಸಿನ್ ಎಂದೇ ತಿಳಿದು ಓಡಬೇಕು. ರಾತ್ರಿ ಊಟಕ್ಕೆ ತಿಂದು ಬೆಳಗಿನ ಜಾವ ಭೇದಿ ಶುರುವಾದರೆ ಜನ ಕುಮ್ಮನ್ನು ನೆನೆಯುವುದೇ ಇಲ್ಲ. ಬುಟ್ಟಿಯಲ್ಲಿ ಎರಡು ಜಾತಿ ಬೆರೆತಿದ್ದರೆ ಬೇಗ ಶುರುವಾದದ್ದೂ ಅಭಯವಲ್ಲ, ಹಿಂದೆ ಇನ್ನೊಂದು ಬರುತ್ತಿರಬಹುದು.

ಎರಡನೆಯ ದಿನ ಮನೆಮಂದಿ ಮೋಸಹೋಗುವ ದಿನ. ವಾಂತಿ ಭೇದಿ ನಿಲ್ಲುತ್ತದೆ, ರೋಗಿ ಎದ್ದು ಕೂರುತ್ತಾರೆ, ಗಂಜಿ ಕೇಳುತ್ತಾರೆ. ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗೋಣ ಎನ್ನುವವರಿರುತ್ತಾರೆ. ಅದೇ ಹೊತ್ತಿಗೆ ವಿಷ ಯಕೃತ್ತಿನ ಜೀವಕೋಶಗಳು ಪ್ರೋಟೀನ್ ತಯಾರಿಸುವ ಕೆಲಸವನ್ನೇ ನಿಲ್ಲಿಸಿರುತ್ತದೆ. ಪಿತ್ತರಸದಲ್ಲಿ ಹೊರಬಿದ್ದ ವಿಷವನ್ನು ಕರುಳು ಮತ್ತೆ ಹೀರಿಕೊಂಡು ಯಕೃತ್ತಿಗೆ ಕಳಿಸುತ್ತಿರುತ್ತದೆ. ಮೂರನೆಯ ದಿನದಿಂದ ಕಣ್ಣು ಹಳದಿಯಾಗುವುದು, ರಕ್ತ ಹೆಪ್ಪುಗಟ್ಟದಿರುವುದು, ಪ್ರಜ್ಞೆ ಮಂಕಾಗುವುದು ಶುರುವಾಗುತ್ತದೆ. ಆದ್ದರಿಂದ ರೋಗಿ ಚೇತರಿಸಿಕೊಂಡಂತೆ ಕಂಡರೂ ಯಕೃತ್ತಿನ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ವೈದ್ಯರು ಸಾಕು ಎನ್ನುವವರೆಗೆ ಆಸ್ಪತ್ರೆ ಬಿಡಬಾರದು. ಡ್ರಿಪ್, ಮತ್ತೆ ಮತ್ತೆ ಕೊಡುವ ಇದ್ದಿಲ ಪುಡಿ, ಸಿಲಿಬಿನಿನ್, ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿಗಳು, ಕೈಮೀರಿದರೆ ಯಕೃತ್ತಿನ ಕಸಿ, ಇವು ಅಲ್ಲಿನ ದಾರಿಗಳು. ಬೇಗ ಹೋದಷ್ಟೂ ಇವು ಕೆಲಸಕ್ಕೆ ಬರುತ್ತವೆ.

108ಕ್ಕೆ ಕರೆ ಮಾಡಿ ಮಡಿಕೇರಿಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಮಜ್ಜಿಗೆ, ಕಷಾಯ ಎಂದು ಗಂಟೆ ಕಳೆಯಬೇಡಿ. ಅದೇ ಪಾತ್ರೆಯಿಂದ ಉಂಡ ಎಲ್ಲರೂ ಹೋಗಬೇಕು, ಏನೂ ಆಗಿಲ್ಲ ಎನ್ನುವವರೂ. ಫ್ರಿಜ್ಜಿನಲ್ಲಿಟ್ಟ ಆ ಇಡೀ ಅಣಬೆ, ಉಳಿದ ಸಾರು, ಸುಲಿದ ಸಿಪ್ಪೆ ಏನಿದ್ದರೂ ಜೊತೆಗೆ ಒಯ್ಯಿರಿ. ಕಿತ್ತ ಜಾಗದಲ್ಲಿ ಇನ್ನೊಂದು ನಿಂತಿದ್ದರೆ ಯಾರಾದರೂ ಹೋಗಿ ಬುಡಸಮೇತ ಅಗೆದು ತರಲಿ. ವೈದ್ಯರಿಗೆ ‘ಫುಡ್ ಪಾಯಿಸನ್’ ಎಂದು ಹೇಳಿ ನಿಲ್ಲಿಸಬೇಡಿ. ಕಾಡಿನ ಕುಮ್ಮು ತಿಂದದ್ದು ಎಂದು ಹೇಳಿ, ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ಮೊದಲ ವಾಂತಿ ಬಂತು ಎಂಬ ಎರಡು ಹೊತ್ತನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ.